ದೀಪ ಆರಿಸಿದರೆ ಮಾತ್ರ ಕಾಣುವ ಕಡಲಾಮೆ

ಗಂಗೊಳ್ಳಿ ಬಂದರಿನಲ್ಲಿ ಬೊಂಡಾಸ್ (ಸ್ಕ್ವಿಡ್) ಕೊಳ್ಳುವಾಗ ನಾನು ಕೇಳುವುದು ಒಂದೇ ಮಾತು: ಸಿಹಿನೀರು ತಾಗದ್ದು ಕೊಡಿ. ಮಾರುವ ಹೆಂಗಸರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಉಳಿದ ಗಿರಾಕಿಗಳೆಲ್ಲ ಚರ್ಮ ಸುಲಿದು, ಶಾಯಿ ಚೀಲ ತೆಗೆದು, ಚೆನ್ನಾಗಿ ತೊಳೆದು ಕೊಡಿ ಅನ್ನುವವರು. ನನಗೆ ಬೇಕಾದದ್ದು ಅದರ ಚರ್ಮದ ಮೇಲೆ ಕೂತಿರುವ, ಕತ್ತಲಲ್ಲಿ ಬೆಳಗುವ ಬ್ಯಾಕ್ಟೀರಿಯಾ. ಅದರಿಂದ ನಾವು ಕಡಲಾಮೆಯ ಚಿತ್ರ ಬರೆಯುತ್ತೇವೆ. ಕಡಲಿನ ಉಪ್ಪಿಗೆ ಒಗ್ಗಿಹೋದ ಆ ಜೀವಿಗಳಿಗೆ ಸಿಹಿನೀರು ತಾಗಿದರೆ ನೀರು ಒಳನುಗ್ಗಿ ಕೋಶಗಳು ಒಡೆದುಹೋಗುತ್ತವೆ. ಹಾಗಾಗಿ ದೋಣಿಯಿಂದ ಇಳಿದದ್ದನ್ನು ಹಾಗೆಯೇ ಡಬ್ಬಿಗೆ ಹಾಕಿಸಿಕೊಂಡು, ಸುತ್ತ ಐಸ್ ಇಟ್ಟುಕೊಂಡು ಬರುತ್ತೇನೆ.

ನಾನು ಕುಂದಾಪುರದ ಕಡೆಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುವವಳು. ಈ ಕರಾವಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಡಿಶಾದ ಗಹಿರ್‌ಮಾಥಾದಂತೆ ಸಾವಿರಾರು ಒಟ್ಟಿಗೆ ಬರುವುದಿಲ್ಲ. ಇಲ್ಲಿ ಒಂದೊಂದೇ, ರಾತ್ರಿ ಹೊತ್ತಿನಲ್ಲಿ, ಯಾರಿಗೂ ಗೊತ್ತಾಗದಂತೆ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತವೆ. ಕೋಡಿಯ ಕಡಲ ತೀರದಲ್ಲಿ, ಮರವಂತೆಯಲ್ಲಿ, ಬಡಗಿನಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಕಾರವಾರದ ದೇವಬಾಗದಲ್ಲಿ ಇಂಥ ಗೂಡುಗಳು ಸಿಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಈ ಆಮೆ ಇದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ನಮ್ಮ ಕಡೆ ಮೀನುಗಾರರು ಆಮೆಯನ್ನು ಕೊಲ್ಲುವುದಿಲ್ಲ. ಕೂರ್ಮಾವತಾರ ಅನ್ನುತ್ತಾರೆ. ಬಲೆಗೆ ಸಿಕ್ಕರೆ ಕೈಮುಗಿದು ಬಿಟ್ಟವರನ್ನು ನಾನು ನೋಡಿದ್ದೇನೆ. ಗೂಡು ಕಂಡರೆ ಅರಣ್ಯ ಇಲಾಖೆಗೆ ಮೊದಲು ಫೋನ್ ಮಾಡುವವರೂ ಅವರೇ.

ತೊಂದರೆ ಇರುವುದು ಬೇರೆ ಕಡೆ. ಗೂಡಿನಲ್ಲಿ ಐವತ್ತು ದಿನದ ಆಸುಪಾಸು ಕಳೆದ ಮೇಲೆ ಮರಿಗಳು ರಾತ್ರಿ ಮರಳಿನಿಂದ ಮೇಲೆ ಬರುತ್ತವೆ. ಕಡಲು ಯಾವ ಕಡೆ ಎಂದು ಅವುಗಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ತಗ್ಗಿನಲ್ಲಿ, ಹೆಚ್ಚು ಬೆಳಕಾಗಿ ಕಾಣುವ ದಿಗಂತ ಯಾವುದೋ ಅತ್ತ ತೆವಳುತ್ತವೆ. ಲಕ್ಷಾಂತರ ವರ್ಷ ಆ ಬೆಳಕು ಕಡಲಿನದ್ದೇ ಆಗಿತ್ತು, ಯಾಕೆಂದರೆ ನೆಲದ ಕಡೆ ಗಿಡಮರಗಳ ಕಪ್ಪು, ನೀರಿನ ಕಡೆ ನಕ್ಷತ್ರಗಳ ಪ್ರತಿಫಲನ. ಈಗ ನೆಲದ ಕಡೆ ರೆಸಾರ್ಟಿನ ಫ್ಲಡ್‌ಲೈಟು, ಹೈಮಾಸ್ಟ್ ದೀಪ, ಐಸ್‌ಕ್ರೀಂ ಗಾಡಿಯ ಎಲ್‌ಇಡಿ ಪಟ್ಟಿ. ಮರವಂತೆಯಲ್ಲಂತೂ ರಾಷ್ಟ್ರೀಯ ಹೆದ್ದಾರಿ 66 ಕಡಲಿನ ಮಗ್ಗುಲಲ್ಲೇ ಓಡುತ್ತದೆ, ರಾತ್ರಿಯಿಡೀ ಲಾರಿಗಳ ಹೆಡ್‌ಲೈಟು. ಮರಿಗಳು ತಿರುಗಿ ರಸ್ತೆಯ ಕಡೆ ನಡೆಯುತ್ತವೆ. ಬೆಳಗಾಗುವಷ್ಟರಲ್ಲಿ ನಾಯಿ, ಕಾಗೆ, ಬಿಸಿಲು, ಚಕ್ರ, ಯಾವುದಕ್ಕಾದರೂ ಸಿಕ್ಕಿರುತ್ತವೆ.

ಇದನ್ನು ನಾನು ವರ್ಷಗಟ್ಟಲೆ ಪವರ್‌ಪಾಯಿಂಟ್ ಹಾಕಿ ಹೇಳಿದ್ದೇನೆ. ಶಾಲೆಗಳಲ್ಲಿ, ಮಹಿಳಾ ಸಂಘಗಳಲ್ಲಿ, ಪಂಚಾಯಿತಿ ಸಭೆಗಳಲ್ಲಿ. ಜನ ತಲೆಯಾಡಿಸುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ದೀಪ ಮಾತ್ರ ಉರಿಯುತ್ತಲೇ ಇತ್ತು. ಟ್ಯೂಬ್‌ಲೈಟ್ ಕೆಳಗೆ ಕೂತು ಕತ್ತಲಿನ ಬೆಲೆ ಹೇಳಿದರೆ ಯಾರ ಮೈಗೂ ತಾಗುವುದಿಲ್ಲ ಎಂದು ನನಗೆ ನಿಧಾನಕ್ಕೆ ಅನ್ನಿಸತೊಡಗಿತು.

ಬ್ಯಾಕ್ಟೀರಿಯಾದಲ್ಲಿ ಚಿತ್ರ ಬರೆಯುವುದು ಹೊಸದೇನಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಬಣ್ಣಬಣ್ಣದ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಮನೆ, ಸೈನಿಕ, ತಾಯಿ-ಮಗು ಎಂದೆಲ್ಲ ಚಿತ್ರ ಮಾಡುತ್ತಿದ್ದರು. ಅಮೆರಿಕನ್ ಸೊಸೈಟಿ ಫಾರ್ ಮೈಕ್ರೊಬಯಾಲಜಿ 2015ರಲ್ಲಿ ಅಗರ್ ಚಿತ್ರಗಳಿಗಾಗಿಯೇ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ಮೇಲಿನ ಚಿತ್ರಗಳಿಗಾಗಿಯೇ, ಸ್ಪರ್ಧೆ ಶುರುಮಾಡಿತು. ನಮ್ಮ ವಿದ್ಯಾರ್ಥಿಗಳೂ ಹಳದಿಗೆ ಮೈಕ್ರೊಕಾಕಸ್ ಲ್ಯೂಟಿಯಸ್, ಗುಲಾಬಿಗೆ ಕೊಕುರಿಯಾ ರೋಸಿಯಾ ಬಳಸಿ ಹೂ, ಚಿಟ್ಟೆ ಬರೆದಿದ್ದರು. ಇಂಥ ತಳಿಗಳು ಚಂಡೀಗಢದಲ್ಲಿರುವ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹದಿಂದ ಕಾಲೇಜುಗಳಿಗೆ ಸಿಗುತ್ತವೆ. ಚೆಂದವಾಗಿಯೇ ಇದ್ದವು. ಆದರೆ ಹಳದಿ ಆಮೆಯೊಂದನ್ನು ಬರೆದರೆ ಅದು ಇನ್ನೊಂದು ಪೋಸ್ಟರ್ ಆಗುತ್ತಿತ್ತು, ಅಷ್ಟೆ. ಕತ್ತಲಿನ ಮಾತು ಕತ್ತಲಲ್ಲೇ ಆಗಬೇಕಾದರೆ, ತಾವೇ ಬೆಳಗುವ ಬ್ಯಾಕ್ಟೀರಿಯಾ ಬೇಕು.

ಅವು ನಮ್ಮ ಕಡಲಿನಲ್ಲೇ ಇವೆ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2020ರ ಕೊನೆಯಲ್ಲಿ ನಮ್ಮ ಕರಾವಳಿಯಲ್ಲಿ ಅಲೆಗಳು ನೀಲಿಯಾಗಿ ಮಿನುಗಿದ್ದನ್ನು ಬಹಳ ಜನ ಮೊಬೈಲಿನಲ್ಲಿ ಹಿಡಿದಿದ್ದಾರೆ. ಅದು ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿಯ ಬೆಳಕು, ಬ್ಯಾಕ್ಟೀರಿಯಾದ್ದಲ್ಲ. ನಾಕ್ಟಿಲ್ಯೂಕಾ ಕಲಕಿದಾಗ ಒಮ್ಮೆ ಮಿಂಚಿ ಆರುತ್ತದೆ. ಬ್ಯಾಕ್ಟೀರಿಯಾ ಹಾಗಲ್ಲ, ಆಹಾರ ಮತ್ತು ಗಾಳಿ ಇರುವಷ್ಟು ಹೊತ್ತು ಎಡೆಬಿಡದೆ ಬೆಳಗುತ್ತಿರುತ್ತದೆ. ಚಿತ್ರಕ್ಕೆ ಬೇಕಾದದ್ದು ಈ ಎರಡನೆಯ ಗುಣ.

ಹೀಗೆ ಬೊಂಡಾಸ್ ಪ್ರಯೋಗಾಲಯಕ್ಕೆ ಬಂತು. ಅಗಲ ತಟ್ಟೆಯಲ್ಲಿ ಅದನ್ನು ಮಲಗಿಸಿ, ಅರ್ಧ ಮುಳುಗುವಷ್ಟು ಕುದಿಸಿ ಆರಿಸಿದ ಕಡಲ ನೀರು ಹಾಕಿ, ಮುಚ್ಚಿ, ಎಸಿ ಕೋಣೆಯ ಮೂಲೆಯಲ್ಲಿ ಇಟ್ಟೆವು. ನಮ್ಮ ಸೆಕೆಯಲ್ಲಿ ಹೊರಗಿಟ್ಟರೆ ಕೊಳೆಸುವ ಬ್ಯಾಕ್ಟೀರಿಯಾಗಳು ಮೊದಲು ಗೆದ್ದುಬಿಡುತ್ತವೆ. ತಂಪಿನಲ್ಲಿ ಬೆಳಗುವವಕ್ಕೆ ಸ್ವಲ್ಪ ಅನುಕೂಲ. ಮರುದಿನ ಸಂಜೆ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ದೀಪ ಆರಿಸಿ ಕೂತೆವು.

ಏನೂ ಕಾಣಲಿಲ್ಲ. ಹುಡುಗರು ಗುಸುಗುಸು ಶುರುಮಾಡಿದರು. ಸ್ವಲ್ಪ ಹೊತ್ತು ಕಳೆದ ಮೇಲೆ ಒಬ್ಬಳು ಮೆಲ್ಲಗೆ 'ಮೇಡಂ, ಕಣ್ಣಿನ ಹತ್ತಿರ' ಅಂದಳು. ಬೊಂಡಾಸಿನ ಕಣ್ಣಿನ ಸುತ್ತ, ರೆಕ್ಕೆಯ ಅಂಚಿನಲ್ಲಿ, ಸಾಸಿವೆಯಷ್ಟು ಸಣ್ಣ ಚುಕ್ಕಿಗಳು. ನೇರ ನೋಡಿದರೆ ಮಾಯ, ಕಣ್ಣು ಸ್ವಲ್ಪ ಪಕ್ಕಕ್ಕೆ ಹೊರಳಿಸಿದರೆ ಇವೆ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇರುವುದಿಲ್ಲ, ಸುತ್ತ ಇರುತ್ತವೆ ಎಂದು ಪಾಠದಲ್ಲಿ ಓದಿದ್ದು ಆ ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಹದಿನೈದು ನಿಮಿಷವಾಗುವಷ್ಟರಲ್ಲಿ ಇಡೀ ಬೊಂಡಾಸಿನ ಆಕಾರವೇ ಚುಕ್ಕಿಗಳಲ್ಲಿ ಕಾಣುತ್ತಿತ್ತು.

ಆ ಕತ್ತಲಲ್ಲೇ ಒಂದು ಚುಕ್ಕಿಗೆ ಲೂಪ್ ಎಂಬ ಸಣ್ಣ ತಂತಿಯ ಕುಣಿಕೆ ತಾಗಿಸಿ ಅಗರ್ ಮೇಲೆ ಎಳೆಯಬೇಕು. ಬ್ಯಾಕ್ಟೀರಿಯಾ ಬೆಳೆಯುವ ಮಾಧ್ಯಮ ಸರಳ: ಮುಕ್ಕಾಲು ಪಾಲು ಕಡಲ ನೀರು, ಕಾಲು ಪಾಲು ಶುದ್ಧ ನೀರು, ಲೀಟರಿಗೆ 5 ಗ್ರಾಂ ಪೆಪ್ಟೋನ್, 3 ಗ್ರಾಂ ಯೀಸ್ಟ್ ಸಾರ, 3 ಮಿಲಿಲೀಟರ್ ಗ್ಲಿಸರಿನ್, 15 ಗ್ರಾಂ ಅಗರ್. ಮೊದಲ ತಟ್ಟೆಗಳಲ್ಲಿ ಬೆಳಗುವವುಗಳ ಜೊತೆ ಬೆಳಗದವೂ ಬೇಕಾದಷ್ಟು ಬಂದವು. ಕತ್ತಲಲ್ಲಿ ಬೆಳಗುವ ಗುಳ್ಳೆ (ಬ್ಯಾಕ್ಟೀರಿಯಾದ ಸಣ್ಣ ಗುಂಪು) ಗುರುತಿಸಿ, ತಟ್ಟೆಯ ಹಿಂಬದಿ ಪೆನ್ನಿನಿಂದ ಸುತ್ತುಹಾಕಿ, ಬೆಳಕಿಗೆ ತಂದು, ಅದನ್ನಷ್ಟೇ ಹೊಸ ತಟ್ಟೆಗೆ ಎಳೆಯುವುದು. ಮತ್ತೆ ಮತ್ತೆ ಇದೇ ಕೆಲಸ, ಇಡೀ ತಟ್ಟೆ ಒಂದೇ ಸಮ ಬೆಳಗುವವರೆಗೆ.

ಅಗರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಅಡುಗೆಮನೆಗಳಲ್ಲಿ ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಇದೇ ವಸ್ತು. ಕೆಂಪು ಕಡಲಕಳೆಗಳಿಂದ ತೆಗೆಯುವುದು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹೆಂಗಸರು ಮುಳುಗಿ ಈ ಕಳೆಗಳನ್ನು ಕೀಳುತ್ತಾರೆ. 1881ರಲ್ಲಿ ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯಕ್ಕೆ ಅಗರ್ ತಂದುಕೊಟ್ಟದ್ದೂ ಅಡುಗೆಮನೆಯ ಅನುಭವವೇ. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ ಸೆಕೆಗಾಲದಲ್ಲೂ ಕರಗದ ಜೆಲ್ಲಿಗೆ ಇದನ್ನು ಬಳಸುತ್ತಿದ್ದರು. ಜಿಲೆಟಿನ್ ಕರಗಿಹೋಗಿ ಬೇಸತ್ತಿದ್ದವರಿಗೆ ಅವರು ದಾರಿ ತೋರಿಸಿದರು. ನಮ್ಮ ಚಿತ್ರದಲ್ಲಿ ಹೀಗೆ ಕಾಗದ ಕಡಲಿನದು, ಬಣ್ಣ ಕಡಲಿನದು, ಬರೆಯುವ ವಿಷಯವೂ ಕಡಲಿನದು. ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು.

ಚಿತ್ರ ಬರೆಯುವ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಬೇರೆಯೇ ತೆರನಾದದ್ದು. ಬ್ಯಾಕ್ಟೀರಿಯಾ ತುಂಬಿದ ದ್ರವ ಹೆಚ್ಚುಕಡಿಮೆ ನೀರಿನ ಬಣ್ಣದ್ದು. ಅಗರ್ ಮೇಲೆ ಎಳೆದ ಗೆರೆ ಎಳೆದ ಕ್ಷಣವೇ ಕಣ್ಣಿಗೆ ಇಲ್ಲವಾಗುತ್ತದೆ. ಆಮೆಯ ಚಿತ್ರವನ್ನು ಕಪ್ಪು ಶಾಯಿಯಲ್ಲಿ ಕಾಗದದ ಮೇಲೆ ಬರೆದು ತಟ್ಟೆಯ ಕೆಳಗೆ ಇಟ್ಟು, ಅದರ ಗೆರೆಯ ಮೇಲೆಯೇ ಕುಂಚ ಓಡಿಸಬೇಕು. ಎಲ್ಲಿ ಬರೆದಾಯಿತು, ಎಲ್ಲಿ ಉಳಿದಿದೆ ಎಂಬುದು ನೆನಪಿನಲ್ಲೇ ಇರಬೇಕು. ನಮ್ಮಲ್ಲಿ ಯಕ್ಷಗಾನದ ವೇಷಕ್ಕೆ ಮುಖವರ್ಣಿಕೆ ಬರೆಯುವ ಹುಡುಗನೊಬ್ಬ ಇದ್ದಾನೆ, ಅವನ ಕೈ ಇದಕ್ಕೆ ಹೇಳಿಮಾಡಿಸಿದಂತಿತ್ತು. ಉಸಿರು ಹಿಡಿದು, ಕುಂಚದ ತುದಿ ಅಗರನ್ನು ಸೀಳದಂತೆ, ಚಿಪ್ಪಿನ ಒಂದೊಂದು ಫಲಕವನ್ನೂ ತುಂಬಿದ. ಅಗರ್ ಮೇಲೆ ಹಸಿ ಇದ್ದರೆ ಗೆರೆಗಳು ಹರಡಿ ಒಂದಾಗುತ್ತವೆ, ಹಾಗಾಗಿ ತಟ್ಟೆಗಳನ್ನು ಮೊದಲೇ ಒಣಗಿಸಿಕೊಳ್ಳುತ್ತೇವೆ. ಮುಚ್ಚಳಕ್ಕೆ ಕಟ್ಟಿದ ಹನಿ ಚಿತ್ರದ ಮೇಲೆ ಬೀಳದಂತೆ ತಟ್ಟೆಯನ್ನು ಬೋರಲು ಹಾಕಿ ಬೆಳೆಸುತ್ತೇವೆ.

ಬರೆದ ರಾತ್ರಿ ಬೆಳಕು ಬರುವುದಿಲ್ಲ. ಈ ಬ್ಯಾಕ್ಟೀರಿಯಾಗಳು ಒಂಟಿಯಾಗಿದ್ದಾಗ ಬೆಳಗುವ ಗೋಜಿಗೆ ಹೋಗುವುದಿಲ್ಲ. ಪ್ರತಿಯೊಂದೂ ಒಂದು ಸಣ್ಣ ರಾಸಾಯನಿಕವನ್ನು ಹೊರಬಿಡುತ್ತಿರುತ್ತದೆ. ಸಂಖ್ಯೆ ಹೆಚ್ಚಿ ಆ ರಾಸಾಯನಿಕ ಸುತ್ತ ಸಾಕಷ್ಟು ಸೇರಿಕೊಂಡಾಗ ಬೆಳಕಿನ ವಂಶವಾಹಿಗಳು ತೆರೆದುಕೊಳ್ಳುತ್ತವೆ. ನೀಲ್ಸನ್, ಪ್ಲ್ಯಾಟ್, ಹೇಸ್ಟಿಂಗ್ಸ್ ಎಂಬ ಮೂವರು ವಿಜ್ಞಾನಿಗಳು 1970ರಲ್ಲಿ ಇದನ್ನು ತೋರಿಸಿದರು. ಆಮೇಲೆ ಲೂಸಿಫರೇಸ್ ಎಂಬ ಕಿಣ್ವ ಆಮ್ಲಜನಕ ಬಳಸಿಕೊಂಡು 490 ನ್ಯಾನೊಮೀಟರ್ ಆಸುಪಾಸಿನ ನೀಲಿಹಸಿರು ಬೆಳಕು ಕೊಡುತ್ತದೆ. ಆಮ್ಲಜನಕದ ಮಾತು ತೋರಿಸಲು ನಾವು ಗಟ್ಟಿಯಾಗಿ ಮುಚ್ಚಿದ ಫ್ಲಾಸ್ಕ್ ಒಂದನ್ನು ಇಟ್ಟುಕೊಳ್ಳುತ್ತೇವೆ. ಸುಮ್ಮನೆ ಇಟ್ಟರೆ ಒಳಗಿನ ದ್ರವ ಮೇಲ್ಭಾಗದ ಒಂದು ಪದರ ಬಿಟ್ಟು ಉಳಿದದ್ದು ಕಪ್ಪಾಗುತ್ತದೆ. ಒಮ್ಮೆ ಅಲುಗಿಸಿದರೆ ಗಾಳಿ ಬೆರೆತು ಇಡೀ ಫ್ಲಾಸ್ಕ್ ಹೊತ್ತಿಕೊಳ್ಳುತ್ತದೆ. ಮುದುಕರೂ ಮಕ್ಕಳೂ ಇದನ್ನು ಬಿಡಲೊಪ್ಪುವುದಿಲ್ಲ.

ಮರುದಿನ ಆಮೆ ಎದ್ದಿತ್ತು. ಚಿಪ್ಪಿನ ಫಲಕಗಳು, ತುಯ್ಯುವ ಕೈಗಳು, ಕೊಕ್ಕಿನಂಥ ಬಾಯಿ. ಫೋಟೊದಲ್ಲಿ ಅದು ಗಾಢ ನೀಲಿಯಾಗಿ ಬರುತ್ತದೆ. ಕಣ್ಣಿಗೆ ಕಾಣುವುದು ಬೆಳದಿಂಗಳಿನಂಥ ಬಿಳಿನೀಲಿ, ಯಾಕೆಂದರೆ ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಫೋಟೊ ಎಷ್ಟೇ ಚೆನ್ನಾಗಿದ್ದರೂ ಅದನ್ನು ಊರೂರಿಗೆ ಒಯ್ಯಲು ನಾನು ಒಪ್ಪಲಿಲ್ಲ. ಫೋಟೊ ನೋಡಲು ದೀಪ ಆರಿಸಬೇಕಿಲ್ಲವಲ್ಲ!

ಸುರಕ್ಷತೆಯ ವಿಷಯದಲ್ಲಿ ನಾನು ತುಸು ಕಟ್ಟುನಿಟ್ಟು. ಬೆಳಗುವುದೆಲ್ಲ ಸಾಧು ಜೀವಿಯಲ್ಲ. ವಿಬ್ರಿಯೊ ಹಾರ್ವೆಯಿ ಎಂಬುದೂ ಬೆಳಗುತ್ತದೆ, ಸಿಗಡಿ ಮರಿಗಳನ್ನು ಕೊಲ್ಲುತ್ತದೆ. ನಮ್ಮ ಹೊಳೆಬಾಗಿಲುಗಳಲ್ಲಿ ಸಿಗಡಿ ಸಾಕಿ ಬದುಕುವವರಿದ್ದಾರೆ. ಹಾಗಾಗಿ ಒಂದು ಹನಿಯೂ ಸಿಂಕಿಗೆ ಹೋಗಬಾರದು. ತಟ್ಟೆಯ ಅಂಚಿಗೆ ಪ್ಯಾರಾಫಿಲ್ಮ್ ಎಂಬ ಹಿಗ್ಗುವ ಪಟ್ಟಿ ಸುತ್ತಿದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ಪ್ರದರ್ಶನ ಮುಗಿದ ಕೂಡಲೇ ಎಲ್ಲವೂ ವಾಪಸ್ ಬಂದು ಆಟೊಕ್ಲೇವಿನಲ್ಲಿ 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಬೇಯುತ್ತದೆ. ಇದನ್ನು ಓದಿ ಮನೆಯ ಫ್ರಿಜ್ಜಿನಲ್ಲಿ ಶುರುಮಾಡಬೇಕು ಅನ್ನಿಸಿದರೆ ದಯವಿಟ್ಟು ಬೇಡ, ಹತ್ತಿರದ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ ಕೇಳಿ.

ಮೊದಲ ಪ್ರದರ್ಶನ ಕಡಲ ತೀರದ ಊರೊಂದರ ಸಮುದಾಯ ಭವನದಲ್ಲಿ. ಮೀನುಗಾರರು, ಮೀನು ಮಾರುವ ಹೆಂಗಸರು, ಹೈಸ್ಕೂಲು ಮಕ್ಕಳು, ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು. ತಟ್ಟೆಗಳನ್ನು ಮೇಜಿನ ಮೇಲೆ ಜೋಡಿಸಿ, ಮೊಬೈಲುಗಳನ್ನು ಬುಟ್ಟಿಗೆ ಹಾಕಿಸಿ, ಮೇನ್ ಸ್ವಿಚ್ ತೆಗೆದೆವು. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ಹದಿನೈದು ನಿಮಿಷ ಬೇಕೇಬೇಕು. ಆ ಹೊತ್ತನ್ನು ಹೇಗೆ ತುಂಬಿಸುವುದು ಎಂಬ ಚಿಂತೆ ನನಗಿತ್ತು. ಆಮೇಲೆ ನೋಡಿದರೆ ಇಡೀ ಕಾರ್ಯಕ್ರಮದ ತಿರುಳು ಆ ಹೊತ್ತೇ ಆಯಿತು. ಎದುರಿಗೆ ಏನೂ ಕಾಣದೆ ಕೂತವರಿಗೆ ನಾನು ಮರಿಯ ಕಥೆ ಹೇಳಿದೆ. ಈಗಷ್ಟೇ ಮರಳಿನಿಂದ ತಲೆ ಹೊರಹಾಕಿದ್ದೀರಿ, ನಿಮಗೆ ಗೊತ್ತಿರುವುದು ಬೆಳಕಿನ ಕಡೆ ಹೋಗುವುದು ಮಾತ್ರ. ಕಣ್ಣು ಒಗ್ಗಿದಂತೆ ಮೇಜಿನ ಮೇಲೆ ಆಮೆ ನಿಧಾನಕ್ಕೆ ಮೂಡುತ್ತಾ ಬಂತು. ಯಾರೋ 'ಬಂತು ಬಂತು' ಅಂದರು. ಅಷ್ಟರಲ್ಲಿ ಮೊದಲೇ ಹೇಳಿಟ್ಟಿದ್ದಂತೆ ಹಿಂದಿನ ಸಾಲಿನ ವಿದ್ಯಾರ್ಥಿ ಒಂದು ಸಣ್ಣ ಟಾರ್ಚ್ ಹೊತ್ತಿಸಿ ಆರಿಸಿದ. ಆಮೆ ಎಲ್ಲರ ಕಣ್ಣಿನಿಂದಲೂ ಅಳಿಸಿಹೋಯಿತು. ಅದು ಮತ್ತೆ ಕಾಣಲು ಎಲ್ಲರೂ ಮತ್ತೆ ಅಷ್ಟು ಹೊತ್ತು ಕಾಯಬೇಕಾಯಿತು. ಸಿಟ್ಟಾದರು. ಆ ಸಿಟ್ಟು ನನಗೆ ಬೇಕಿತ್ತು. ಒಂದು ಬಲ್ಬು ಏನು ಮಾಡುತ್ತದೆ ಎಂದು ಸ್ಲೈಡಿನಲ್ಲಿ ಎಷ್ಟು ಹೇಳಿದ್ದೆನೋ, ಅದಷ್ಟೂ ಒಂದು ಟಾರ್ಚಿನಲ್ಲಿ ಮುಗಿಯಿತು.

ದೀಪ ಹಾಕಿದ ಮೇಲೆ ಪ್ರಶ್ನೆಗಳು. ಮಾರುಕಟ್ಟೆಯ ಹೆಂಗಸೊಬ್ಬರು, ಹಾಗಾದರೆ ನಾವು ತಿನ್ನುವ ಮೀನಿನಲ್ಲೂ ಇದು ಇರುತ್ತದಲ್ಲವೇ ಎಂದು ಕೇಳಿದರು. ಇರುತ್ತದೆ, ಬೇಯಿಸಿದಾಗ ಸಾಯುತ್ತದೆ ಅಂದೆ. ರಾತ್ರಿ ಬುಟ್ಟಿಯಲ್ಲಿ ಮೀನು ಮಿನುಗುವುದನ್ನು ತಮ್ಮ ಅತ್ತೆ ಹೇಳುತ್ತಿದ್ದರು, ತಾವು ನಂಬಿರಲಿಲ್ಲ ಅಂದರು ಅವರು. ಹಿರಿಯ ಮೀನುಗಾರರೊಬ್ಬರು ಎದ್ದು, ದೀಪದ ಮಾತು ಸರಿ, ಬಲೆಯ ಮಾತೂ ಹೇಳಿ ಅಂದರು. ಆ ಮಾತು ತರಬಾರದೆಂದು ನಾನೇನೂ ಅಂದುಕೊಂಡಿರಲಿಲ್ಲ, ಆದರೆ ಅವರೇ ಎತ್ತಿದ್ದು ನೆಮ್ಮದಿ ಕೊಟ್ಟಿತು. ಆಮೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಬೋಟು ಎಳೆದೊಯ್ಯುವ ಟ್ರಾಲ್ ಬಲೆಯಲ್ಲಿ ಸಿಕ್ಕು ಮೇಲೆ ಬರಲಾಗದೆ ಉಸಿರುಗಟ್ಟುತ್ತದೆ. ಬಲೆಯ ಕುತ್ತಿಗೆಗೆ ಓರೆಯಾಗಿ ಕಂಬಿಗಳ ಚೌಕಟ್ಟು ಕೂರಿಸಿದರೆ ಸಿಗಡಿ ಒಳಗೆ ಹೋಗುತ್ತದೆ, ಆಮೆ ಮೇಲಿನ ಕಿಂಡಿಯಿಂದ ಪಾರಾಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವಂಥದ್ದನ್ನು ರೂಪಿಸಿದೆ. ಈ ಸಾಧನ ಇಲ್ಲವೆಂಬ ಕಾರಣಕ್ಕೇ ಅಮೆರಿಕ 2019ರಲ್ಲಿ ನಮ್ಮ ಕಡಲಿನಲ್ಲಿ ಹಿಡಿದ ಸಿಗಡಿಯನ್ನು ಕೊಳ್ಳುವುದನ್ನು ನಿಲ್ಲಿಸಿತು. ಕಿಂಡಿಯಿಂದ ಮೀನೂ ತಪ್ಪಿಸಿಕೊಳ್ಳುತ್ತದೆ, ಡೀಸೆಲ್ ದುಡ್ಡು ಯಾರು ಕೊಡುತ್ತಾರೆ ಎಂದು ಇನ್ನೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ತಟ್ಟೆಗಳಲ್ಲಿ ಅದಕ್ಕೆ ಉತ್ತರವಿಲ್ಲ, ಸರ್ಕಾರ ಕೊಡಬೇಕಾದ ಉತ್ತರ ಅದು. ಬೆಳಗುವ ಚಿತ್ರದಿಂದ ಎಲ್ಲವೂ ಆಗುತ್ತದೆ ಎಂದು ನಂಬುವವಳಲ್ಲ ನಾನು. ದೀಪದ ವಿಷಯದಲ್ಲಿ ಆಗುತ್ತದೆ, ಅಷ್ಟನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ನಾವು ತಿಮಿಂಗಿಲ ಶಾರ್ಕ್ ಬರೆದೆವು. ಇದು ವಿದ್ಯಾರ್ಥಿಗಳದ್ದೇ ಆಯ್ಕೆ, ಒಳ್ಳೆಯ ಆಯ್ಕೆ. ಆ ಮೀನಿನ ಮೈತುಂಬ ಬಿಳಿ ಚುಕ್ಕಿ, ಬ್ಯಾಕ್ಟೀರಿಯಾಗೆ ಗೆರೆಗಿಂತ ಚುಕ್ಕಿ ಸಲೀಸು. ಒಂದರ ಚುಕ್ಕಿ ವಿನ್ಯಾಸ ಇನ್ನೊಂದಕ್ಕಿಲ್ಲ. ನಕ್ಷತ್ರಗಳ ಚಿತ್ರಗಳನ್ನು ಹೋಲಿಸಲು ಖಗೋಳಶಾಸ್ತ್ರಜ್ಞರು ಬಳಸುತ್ತಿದ್ದ ಲೆಕ್ಕಾಚಾರವನ್ನೇ ಬಳಸಿ ವಿಜ್ಞಾನಿಗಳು ಒಂದೊಂದು ಶಾರ್ಕನ್ನೂ ಗುರುತಿಸುತ್ತಾರೆ. ಕತ್ತಲ ಕೋಣೆಯಲ್ಲಿ ತಟ್ಟೆಗಳನ್ನು ಸಾಲಾಗಿ ಜೋಡಿಸಿದಾಗ ಅದು ನಿಜಕ್ಕೂ ನಕ್ಷತ್ರಪುಂಜದಂತೆಯೇ ಕಂಡಿತು. 2001ರಲ್ಲಿ ಕಾಯ್ದೆಯ ರಕ್ಷಣೆ ಸಿಕ್ಕಿದ ಈ ಮೀನಿಗೆ ಗುಜರಾತಿನಲ್ಲಿ ನಡೆದ ಕೆಲಸ ನನಗೆ ಬಹಳ ಇಷ್ಟ. 2004ರಲ್ಲಿ ಶುರುವಾದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳು ಎಂದು ಕರೆದರು. ಹಿಂದೆ ಅದನ್ನು ಬೇಟೆಯಾಡುತ್ತಿದ್ದ ಮೀನುಗಾರರೇ ತಮ್ಮ ಬಲೆ ಕತ್ತರಿಸಿ ಬಿಡತೊಡಗಿದರು. ಕತ್ತರಿಸಿದ ಬಲೆಗೆ ಪರಿಹಾರವನ್ನೂ ಕೊಡುತ್ತಾರೆ. ಮಾತು ಮತ್ತು ದುಡ್ಡು ಎರಡೂ ಸೇರಿದಾಗ ಕೆಲಸ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ ಇದೆ. ಪ್ರದರ್ಶನವನ್ನು ಬೀಚಿನಲ್ಲೇ ಮಾಡಿ ಎಂದು ಬಹಳ ಜನ ಕೇಳುತ್ತಾರೆ. ಮೊಟ್ಟೆಯ ಕಾಲದಲ್ಲಿ ನಾನು ಒಪ್ಪುವುದಿಲ್ಲ. ಮರಿಗಳನ್ನು ಹೆಚ್ಚು ಸೆಳೆಯುವುದು ನೀಲಿ-ಹಸಿರು ಬೆಳಕೇ, ನಮ್ಮ ಬ್ಯಾಕ್ಟೀರಿಯಾ ಕೊಡುವುದೂ ಅದನ್ನೇ. ತಟ್ಟೆಯ ಬೆಳಕು ಮಂದವೇ ಇರಬಹುದು, ಆದರೂ ಜನರ ಗುಂಪನ್ನು ರಾತ್ರಿ ಗೂಡಿನ ಬಳಿ ಕರೆದೊಯ್ಯುವ ಹಕ್ಕು ನಮಗಿಲ್ಲ.

ಪಂಚಾಯಿತಿಯವರು ಯಾವ ದೀಪ ಹಾಕಬಹುದು ಎಂದು ಬರೆದುಕೊಡಲು ಕೇಳಿದರು. ಬರೆದುಕೊಟ್ಟೆವು: ಕಂಬ ಗಿಡ್ಡವಿರಲಿ, ಕಡಲಿನ ಕಡೆಗೆ ಮರೆ ಇರಲಿ, ಬಿಳಿ ಎಲ್‌ಇಡಿ ಬದಲು ಕೆಂಪುಮಿಶ್ರಿತ ಹಳದಿ ಬಲ್ಬು ಇರಲಿ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ರಾತ್ರಿ ಅಗತ್ಯವಿಲ್ಲದ ದೀಪ ಆರಲಿ. ತೀರದ ಕೆಲವು ಕಂಬಗಳಿಗೆ ತಗಡಿನ ಮರೆ ಬಂದಿದೆ. ಪಕ್ಕದ ರೆಸಾರ್ಟಿನ ಫ್ಲಡ್‌ಲೈಟ್ ಇನ್ನೂ ಉರಿಯುತ್ತಿದೆ. ಅಲ್ಲಿನ ಮ್ಯಾನೇಜರ್ ಪ್ರದರ್ಶನಕ್ಕೆ ಬಂದಿದ್ದರು, ನಮ್ಮ ಸಿಬ್ಬಂದಿಗೂ ಒಮ್ಮೆ ತೋರಿಸಿ ಅಂದಿದ್ದಾರೆ. ಜೂನ್ ಮತ್ತು ಜುಲೈ ಟ್ರಾಲಿಂಗ್ ನಿಷೇಧದ ಕಾಲ, ತಾಜಾ ಬೊಂಡಾಸ್ ಸಿಗುವುದು ಕಷ್ಟ. ಹಾಗಾಗಿ ನಮ್ಮ ಒಳ್ಳೆಯ ತಳಿಯನ್ನು ಗ್ಲಿಸರಿನ್‌ನಲ್ಲಿ ಬೆರೆಸಿ ಡೀಪ್ ಫ್ರೀಜರಿನಲ್ಲಿ ಇಟ್ಟಿದ್ದೇವೆ. ಮಳೆ ಬಿಟ್ಟ ಮೇಲೆ, ಮೊದಲ ಆಮೆ ದಡ ಹತ್ತುವ ಮುಂಚೆ, ಆ ರೆಸಾರ್ಟಿನ ಊಟದ ಹಾಲಿನಲ್ಲಿ ಕಪ್ಪು ಬಟ್ಟೆ ಕಟ್ಟುವುದು ಎಂದು ತೀರ್ಮಾನವಾಗಿದೆ.